ಗೆದ್ದಲು, ದೆವ್ವ ಮತ್ತು ತಾಯಿಪತ್ರ: ಹಳೇ ಮನೆ ಕೊಳ್ಳುವವರ ಎರಡು ಸಾವಿರ ವರ್ಷದ ಕಥೆ

ಈ ವಾರದ ಸಂಚಿಕೆ ಕೇಳಿದವರಿಗೆ ಇದು ಅದರ ಬರಹ ರೂಪ, ಸ್ವಲ್ಪ ಹೆಚ್ಚು ವಿವರದೊಂದಿಗೆ. ಕೇಳದೇ ಇರೋರು ಇಲ್ಲಿಂದಲೇ ಶುರು ಮಾಡಬಹುದು, ಏನೂ ತಪ್ಪಿಹೋಗಲ್ಲ. ಕನ್ನಡ ಓದೋದನ್ನ ಈಗ ಕಲೀತಿರೋ ಮಕ್ಕಳಿಗಾಗಿ ಕಷ್ಟದ ಪದ ಬಂದ ಕಡೆ ಅಲ್ಲೇ ಅರ್ಥ ಹೇಳಿದ್ದೇನೆ.

2021ರ ವಸಂತದಲ್ಲಿ ನಾವು ಬಾಸ್ಟನ್ ಹೊರವಲಯದಲ್ಲಿ ಮನೆ ಹುಡುಕ್ತಾ ಇದ್ವಿ. ಆ ವರ್ಷ ಇಲ್ಲಿ ಮನೆ ಹುಡುಕಿದವರಿಗೆ ಮುಂದಿನ ಮಾತು ಹೇಳಬೇಕಾಗಿಲ್ಲ. ಶನಿವಾರ ಮನೆ ತೋರಿಸ್ತಾರೆ, ಸೋಮವಾರದೊಳಗೆ ಆಫರ್ ಹಾಕಬೇಕು, ಹಾಕಿದವರು ಹದಿನೈದು ಮಂದಿ. ನಾಲ್ಕು ಮನೆ ಕೈತಪ್ಪಿದ ಮೇಲೆ ಏಜೆಂಟ್ ಮೆಲ್ಲಗೆ ಹೇಳಿದರು: "ಇನ್‌ಸ್ಪೆಕ್ಷನ್ ಬೇಡ ಅಂತ ಬರೆದುಕೊಟ್ಟರೆ ಐದನೇದು ಸಿಗಬಹುದು." ಬರೆದುಕೊಟ್ವಿ. ಮನೆ ಸಿಕ್ಕಿತು.

ಮೈಸೂರಿಂದ ಅಪ್ಪ ವಿಡಿಯೊ ಕಾಲ್ ಮಾಡಿದರು. ಹೊಸ ಅಡುಗೆಮನೆ, ಹಿತ್ತಲಿನ ಮೇಪಲ್ ಮರ, ಎಲ್ಲ ತೋರಿಸಿದೆ. ಅಪ್ಪ ಕೇಳಿದ್ದು ಎರಡೇ ಮಾತು. "ಇ.ಸಿ. ತೆಗೆಸಿದ್ಯೇನಮ್ಮ? ತಾಯಿಪತ್ರ ನೋಡಿದ್ಯಾ?" ನಾನು ನಕ್ಕೆ. "ಅಪ್ಪಾ, ಇದು ಅಮೆರಿಕ. ಅದೆಲ್ಲ ಬ್ಯಾಂಕು, ಲಾಯರು ನೋಡ್ಕೋತಾರೆ" ಅಂದೆ.

ಏಳು ತಿಂಗಳ ಮೇಲೆ, ದೀಪಾವಳಿ ಊಟಕ್ಕೆ ಇಪ್ಪತ್ತು ಜನ ಬಂದಿದ್ದ ಸಂಜೆ, ನೆಲಮಾಳಿಗೆಯ ನೆಲದಿಂದ ಚರಂಡಿ ನೀರು ಉಕ್ಕಿ ಬಂತು. ರಸ್ತೆಗೆ ಹೋಗುವ ಮಣ್ಣಿನ ಕೊಳವೆಯೊಳಗೆ ನಾನು ಹೆಮ್ಮೆಯಿಂದ ತೋರಿಸಿದ್ದ ಅದೇ ಮೇಪಲ್‌ನ ಬೇರು ತುಂಬಿಕೊಂಡಿತ್ತು. ಅಂಗಳ ಅಗೆದು ಹೊಸ ಕೊಳವೆ ಹಾಕಿಸೋಕೆ 18 ಸಾವಿರ ಡಾಲರ್ ಆಯ್ತು. ರಿಪೇರಿಗೆ ಬಂದವನು ಅಗೆದ ಗುಂಡಿ ನೋಡಿ ಹೇಳಿದ, "ಇದಕ್ಕೆ ಮೊದಲೇ ಯಾರೋ ಎರಡು ಸಲ ಬೇರು ಕತ್ತರಿಸಿದ್ದಾರೆ." ಅಂದರೆ ಹಿಂದಿನವರಿಗೆ ಗೊತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಯ್ತು.

ಆ ರಾತ್ರಿ ನಮ್ಮವರು ಕೇಳಿದ ಪ್ರಶ್ನೆಯೇ ಈ ಬರಹದ ಬೀಜ: "ಗೊತ್ತಿದ್ದೂ ಹೇಳದೇ ಮಾರಿದ್ದು ತಪ್ಪಲ್ವಾ?" ಉತ್ತರ ಹುಡುಕ್ತಾ ಹೋದೆ. ಮನುಷ್ಯರು ಈ ಒಂದೇ ಪ್ರಶ್ನೆಯನ್ನ ಎರಡು ಸಾವಿರ ವರ್ಷದಿಂದ ಕೇಳ್ತಾ ಇದ್ದಾರೆ.

ಹಕ್ಕಿಗೆ ಅಡ್ಡವಾದ ಮನೆ

ರೋಮ್ ನಗರದಲ್ಲಿ ಶಕುನ ಹೇಳುವ ಪುರೋಹಿತರಿದ್ದರು. ಹಕ್ಕಿಗಳ ಹಾರಾಟ ನೋಡಿ ದೇವರ ಇಚ್ಛೆ ಹೇಳೋದು ಅವರ ಕೆಲಸ. ಕೀಲಿಯನ್ ಎಂಬ ಗುಡ್ಡದ ಮೇಲೆ ಕ್ಲಾಡಿಯಸ್ ಸೆಂಟುಮಾಲಸ್ ಎಂಬವನ ಎತ್ತರದ ಮನೆಯಿತ್ತು. ಅದು ಆಕಾಶಕ್ಕೆ ಅಡ್ಡ ಬರ್ತಿದೆ, ಎತ್ತರದ ಭಾಗ ಕೆಡವು ಅಂತ ಪುರೋಹಿತರು ಆಜ್ಞೆ ಮಾಡಿದರು. ಅವನು ಕೆಡವಲಿಲ್ಲ. ಮನೆಯನ್ನು ಮಾರಾಟಕ್ಕಿಟ್ಟು, ಕಾಲ್ಪರ್ನಿಯಸ್ ಲನೇರಿಯಸ್ ಎಂಬವನಿಗೆ ಮಾರಿದ. ಆಜ್ಞೆಯ ವಿಷಯ ಬಾಯಿಬಿಡಲಿಲ್ಲ. ಕೊಂಡವನಿಗೂ ಅದೇ ಆಜ್ಞೆ ಬಂತು, ಪಾಪ ಅವನು ಕೆಡವಿದ. ಆಮೇಲೆ ನಿಜ ತಿಳಿದು ನ್ಯಾಯ ಕೇಳಿದ. ಮಾರ್ಕಸ್ ಕೇಟೊ ಕೊಟ್ಟ ತೀರ್ಪು ಸರಳ: ಮಾರುವಾಗ ಗೊತ್ತಿದ್ದೂ ಹೇಳಲಿಲ್ಲ, ಆದ್ದರಿಂದ ನಷ್ಟ ತುಂಬಿಕೊಡಬೇಕು.

ಈ ಕಥೆ ನಮಗೆ ಸಿಗೋದು ಸಿಸೆರೊ ಕ್ರಿ.ಪೂ. 44ರಲ್ಲಿ ಕರ್ತವ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ. ಅದೇ ಜಾಗದಲ್ಲಿ ಅವನು ಇನ್ನೊಂದು ಮನೆಯ ಉದಾಹರಣೆ ಕೊಡ್ತಾನೆ. ಹೊರಗೆ ನೋಡೋಕೆ ಚೆನ್ನಾಗಿದೆ, ಒಳಗೆ ಮರಮುಟ್ಟು ಕೆಟ್ಟಿದೆ, ಮಲಗೋ ಕೋಣೆಗಳಲ್ಲೆಲ್ಲ ಹಾವು ಬರ್ತವೆ, ಅದು ಯಜಮಾನನಿಗೆ ಮಾತ್ರ ಗೊತ್ತು. ನಮ್ಮಲ್ಲಿ ಮೇಲೆ ಬಸಪ್ಪ ಒಳಗೆ ವಿಷಪ್ಪ ಅನ್ನೋದು ಇಂಥದ್ದಕ್ಕೇ. ಇದನ್ನ ಹೇಳದೇ ಮಾರಬಹುದಾ ಅಂತ ಇಬ್ಬರು ತತ್ವಜ್ಞಾನಿಗಳನ್ನ ಎದುರುಬದುರು ಕೂರಿಸ್ತಾನೆ. ಒಬ್ಬ ಹೇಳ್ತಾನೆ, ಸುಳ್ಳು ಹೇಳಲಿಲ್ಲವಲ್ಲ, ಕೊಳ್ಳೋ ಅಂತ ಬಲವಂತ ಮಾಡಲಿಲ್ಲವಲ್ಲ. ಇನ್ನೊಬ್ಬ ಹೇಳ್ತಾನೆ, ದಾರಿ ತಪ್ಪಿದವನಿಗೆ ದಾರಿ ತೋರಿಸದೇ ಇರೋದಕ್ಕಿಂತ ಇದು ಕೆಟ್ಟದ್ದು. ಸಿಸೆರೊ ನಿಲ್ಲೋದು ಎರಡನೆಯವನ ಪಕ್ಕ.

ನಮ್ಮ ಮನೆಯ ಕೊಳವೆಯ ಜಗಳವೂ ಇದೇ. ಸುಳ್ಳು ಹೇಳೋದು ಬೇರೆ, ಸುಮ್ಮನಿರೋದು ಬೇರೆ. ಸುಮ್ಮನಿರೋದಕ್ಕೆ ಶಿಕ್ಷೆ ಉಂಟಾ?

ಕಲ್ಲಿನ ವ್ಯಾಪಾರದಿಂದ ಬಂದ ಕಾನೂನು

"ಕೇವಿಯಟ್ ಎಂಪ್ಟರ್" ಅನ್ನೋ ಲ್ಯಾಟಿನ್ ಮಾತು ಕೇಳಿರ್ತೀರಿ: ಕೊಳ್ಳುವವನೇ, ಎಚ್ಚರವಾಗಿರು. ಭಾಷೆ ರೋಮಿನದ್ದು, ಆದರೆ ಅದನ್ನ ಗಟ್ಟಿ ಕಾನೂನಾಗಿ ಬೆಳೆಸಿದ್ದು ಇಂಗ್ಲೆಂಡ್. 1603ರ ಒಂದು ಮೊಕದ್ದಮೆ ಪ್ರಸಿದ್ಧ. ಚಾಂಡೆಲರ್ ಎಂಬ ಅಕ್ಕಸಾಲಿಗ ಲೋಪಸ್ ಎಂಬವನಿಗೆ ಒಂದು ಕಲ್ಲನ್ನ 100 ಪೌಂಡಿಗೆ ಮಾರಿದ. ಅದು ಬೆಜೋರ್, ಅಂದರೆ ಪ್ರಾಣಿಯ ಹೊಟ್ಟೆಯಲ್ಲಿ ಹುಟ್ಟುವ, ವಿಷ ಇಳಿಸುತ್ತೆ ಅಂತ ನಂಬಿದ್ದ ಕಲ್ಲು ಅಂತ ಹೇಳಿದ್ದ. ನಮ್ಮ ಗೋರೋಚನದ ದೂರದ ನೆಂಟ ಅನ್ನಿ. ಅದು ಬೆಜೋರ್ ಆಗಿರಲಿಲ್ಲ. ನ್ಯಾಯಾಲಯ ಅಂದಿತು: ಬೆಜೋರ್ ಅಂತ ಹೇಳಿದ್ದು ನಿಜ, ಬೆಜೋರ್ ಅಂತ ಖಾತರಿ ಕೊಟ್ಟಿಲ್ಲ. ಖಾತರಿ ಇಲ್ಲದಿದ್ದರೆ ದೂರೂ ಇಲ್ಲ.

ಈ ಬುದ್ಧಿ ಹಡಗು ಹತ್ತಿ ಅಮೆರಿಕಕ್ಕೂ ಬಂತು. ಮನೆಗಳ ವ್ಯಾಪಾರದಲ್ಲಿ ಇದು ಎಷ್ಟು ಕಾಲ ಉಳಿಯಿತು ಅನ್ನೋಕೆ, ನನ್ನ ಮನೆಗೆ ಹತ್ತಿರದ ಊರೇ ಸಾಕ್ಷಿ.

ನ್ಯೂಟನ್ ಊರಿನ ಗೆದ್ದಲು

1938ರಲ್ಲಿ ಸ್ವಿಂಟನ್ ಎಂಬವರು ಮ್ಯಾಸಚೂಸೆಟ್ಸ್‌ನ ನ್ಯೂಟನ್‌ನಲ್ಲಿ ಒಂದು ಬ್ಯಾಂಕಿನಿಂದ ಮನೆ ಕೊಂಡರು. ಸುಮಾರು ಎರಡು ವರ್ಷದ ಮೇಲೆ ಇಡೀ ಮನೆಗೆ ಗೆದ್ದಲು ಹಿಡಿದಿರೋದು ಗೊತ್ತಾಯ್ತು. ಮಾರುವಾಗಲೇ ಬ್ಯಾಂಕಿಗೆ ಇದು ಗೊತ್ತಿತ್ತು ಅಂತ ದಾವೆ ಹೂಡಿದರು. 1942ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ದಾವೆಯನ್ನ ವಜಾ ಮಾಡಿತು. ಬ್ಯಾಂಕು ಸುಳ್ಳು ಹೇಳಿಲ್ಲ, ಅರ್ಧಸತ್ಯ ಹೇಳಿಲ್ಲ, ಪರೀಕ್ಷೆ ಮಾಡೋದನ್ನ ತಡೆದಿಲ್ಲ; ಬರೀ ಸುಮ್ಮನಿತ್ತು. ಇದಕ್ಕೆ ಹೊಣೆ ಹೊರಿಸಿದರೆ ಕಣ್ಣಿಗೆ ಕಾಣದ ದೋಷ ಹೇಳದ ಪ್ರತಿಯೊಬ್ಬ ಮಾರಾಟಗಾರನ ಮೇಲೂ ಹೊಣೆ ಹೊರಿಸಬೇಕಾಗುತ್ತೆ, ಕಾನೂನು ಅಷ್ಟು ದೂರ ಬಂದಿಲ್ಲ ಅನ್ನೋದು ತೀರ್ಪಿನ ಸಾರ.

ಈಗ ಒಂದು ನಿಮಿಷ ನಮ್ಮ ಊರಿನ ಕಡೆ ತಿರುಗೋಣ. ಇದಕ್ಕೂ 60 ವರ್ಷ ಮೊದಲು, 1882ರಲ್ಲಿ, ಬ್ರಿಟಿಷ್ ಇಂಡಿಯಾದಲ್ಲಿ ಆಸ್ತಿ ವರ್ಗಾವಣೆ ಕಾಯ್ದೆ ಬಂತು. ಇವತ್ತು ಕರ್ನಾಟಕದಲ್ಲಿ ಮನೆ ಮಾರಿದರೂ ಅನ್ವಯಿಸೋದು ಅದೇ ಕಾಯ್ದೆ. ಅದರ 55ನೇ ಕಲಮು ಏನು ಹೇಳುತ್ತೆ ಗೊತ್ತಾ? ಆಸ್ತಿಯಲ್ಲಾಗಲಿ ಹಕ್ಕಿನಲ್ಲಾಗಲಿ ಮುಖ್ಯವಾದ ದೋಷ ಇದ್ದು, ಅದು ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಸಾಮಾನ್ಯ ಎಚ್ಚರದಿಂದ ತಿಳಿಯುವಂಥದ್ದಲ್ಲದಿದ್ದರೆ, ಮಾರುವವನು ಅದನ್ನ ಹೇಳಲೇಬೇಕು. ನ್ಯೂಟನ್ ಊರಿನ ಗೆದ್ದಲು ಇಂಡಿಯಾದಲ್ಲಿ ಇದ್ದಿದ್ದರೆ ಕನಿಷ್ಠ ಕಾಗದದ ಮೇಲಾದರೂ ಸ್ವಿಂಟನ್ ಪರ ಒಂದು ಕಲಮು ಇರ್ತಿತ್ತು. "ಇದು ಅಮೆರಿಕ ಅಪ್ಪಾ" ಅಂತ ನಕ್ಕಿದ್ದು ನೆನಪಾಗಿ ಇದನ್ನ ಓದುವಾಗ ನನಗೆ ನಾಚಿಕೆಯಾಯ್ತು.

ದೆವ್ವ ಇದೆ ಅಂತ ಒಪ್ಪಿದ ನ್ಯಾಯಾಲಯ

ಅಮೆರಿಕ ನಿಧಾನಕ್ಕೆ ಬದಲಾಯ್ತು, ಒಂದೊಂದು ರಾಜ್ಯ ಒಂದೊಂದು ಹೆಜ್ಜೆ. 1960ರಲ್ಲಿ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರದ ಮೊಕದ್ದಮೆಯಲ್ಲಿ ಮತ್ತೆ ಗೆದ್ದಲು. ಮಾರಿದವರು ಅರೆಬರೆ ಔಷಧಿ ಹೊಡೆಸಿ, ಗುರುತು ಮುಚ್ಚಿ ಮಾರಿದ್ದರು. ಈ ಸಲ ನ್ಯಾಯಾಲಯ ಅಂದಿತು: ಅಪಾಯಕಾರಿಯಾದ, ಸುಲಭಕ್ಕೆ ಕಾಣದ ದೋಷ ಗೊತ್ತಿದ್ದರೆ, ಕೇಳದಿದ್ದರೂ ಹೇಳಬೇಕು.

ಕ್ಯಾಲಿಫೋರ್ನಿಯಾದ ಡಯಾಬ್ಲೊದಲ್ಲಿ 1976ರಲ್ಲಿ ಒಬ್ಬರು 1,70,000 ಡಾಲರಿಗೆ ಮನೆ ಕೊಂಡರು. ಸ್ವಲ್ಪ ದಿನದಲ್ಲೇ ಮನೆ ಕೆಳಗಿನ ನೆಲ ಜಾರಿತು. ಸರಿಯಾಗಿ ಗಟ್ಟಿಮಾಡದೆ ತುಂಬಿಸಿದ ಮಣ್ಣಿನ ಮೇಲೆ ಮನೆ ಕಟ್ಟಿದ್ದರು, ಹಿಂದೆಯೂ ಜಾರಿತ್ತು. ಮಾರಾಟಗಾರರು ಹೇಳಲಿಲ್ಲ, ಏಜೆಂಟರು ಕೇಳಲಿಲ್ಲ. ಇಳಿಜಾರಿಗೆ ಹೊದಿಸಿದ್ದ ಬಲೆ, ಏರುತಗ್ಗಾದ ನೆಲ, ಇಷ್ಟು ಸುಳಿವು ಕಣ್ಣೆದುರಿಗಿತ್ತು. 1984ರಲ್ಲಿ ಮೇಲ್ಮನವಿ ನ್ಯಾಯಾಲಯ ಏಜೆಂಟರನ್ನೂ ಹೊಣೆಗಾರರನ್ನಾಗಿ ಮಾಡಿತು: ನೋಡಿ ತಿಳಿಯಬಹುದಾದದ್ದನ್ನ ನೋಡಿ, ಕೊಳ್ಳುವವರಿಗೆ ಹೇಳೋದು ಅವರ ಕರ್ತವ್ಯ. ಇದರ ಬೆನ್ನಿಗೇ 1987ರಿಂದ ಅಲ್ಲಿ ಮನೆ ಮಾರುವವರು ತಮಗೆ ಗೊತ್ತಿರುವ ದೋಷಗಳನ್ನ ಒಂದು ನಿಗದಿತ ಫಾರಂನಲ್ಲಿ ಬರೆದುಕೊಡೋದು ಕಡ್ಡಾಯವಾಯ್ತು. ಇವತ್ತು ಬೇರೆ ಬೇರೆ ರಾಜ್ಯದಲ್ಲಿ ನಿಮ್ಮ ಕೈಗೆ ಬರುವ "ಡಿಸ್‌ಕ್ಲೋಷರ್" ಕಾಗದಗಳು ಇದೇ ವಂಶದವು.

ಇನ್ನು ಮಕ್ಕಳಿಗೆ ಇಷ್ಟವಾಗೋ ಕಥೆ. ನ್ಯೂಯಾರ್ಕ್ ರಾಜ್ಯದ ನಯಾಕ್ ಊರಿನಲ್ಲಿ ಹಡ್ಸನ್ ನದಿ ದಂಡೆಯ ಹಳೇ ಮನೆ. ಮಾರಿದಾಕೆ ತಮ್ಮ ಮನೆಯಲ್ಲಿ ದೆವ್ವಗಳಿವೆ ಅಂತ ವರ್ಷಗಳಿಂದ ಪತ್ರಿಕೆಗಳಿಗೆ ಹೇಳ್ತಾ ಬಂದಿದ್ದರು. ಕೊಂಡವರು ಹೊರಗಿನವರು, ಅವರಿಗೆ ಮಾತ್ರ ಗೊತ್ತಿರಲಿಲ್ಲ. 6,50,000 ಡಾಲರಿನ ಮನೆಗೆ 32,500 ಮುಂಗಡ ಕೊಟ್ಟಿದ್ದರು. 1991ರಲ್ಲಿ ಮೇಲ್ಮನವಿ ನ್ಯಾಯಾಲಯ, ಐವರಲ್ಲಿ ಮೂವರ ಬಹುಮತದಿಂದ, ವ್ಯವಹಾರ ರದ್ದು ಮಾಡಿಕೊಳ್ಳೋಕೆ ಬಿಟ್ಟಿತು. ಮನೆಯಲ್ಲಿ ದೆವ್ವ ಇದೆ ಅಂತ ಊರಿಗೆಲ್ಲ ಹೇಳಿದವರು ಈಗ ಇಲ್ಲ ಅನ್ನೋ ಹಾಗಿಲ್ಲ, ಆದ್ದರಿಂದ ಕಾನೂನಿನ ಲೆಕ್ಕದಲ್ಲಿ ದೆವ್ವ ಇದೆ! ಹಾಸ್ಯದ ಹಿಂದೆ ಗಟ್ಟಿ ವಿಚಾರ ಇದೆ ನೋಡಿ. ಎಷ್ಟು ಎಚ್ಚರ ವಹಿಸಿ ಪರೀಕ್ಷೆ ಮಾಡಿಸಿದರೂ ದೆವ್ವ ಸಿಗೋಲ್ಲ. ಪರೀಕ್ಷೆಯಿಂದ ಸಿಗದ್ದನ್ನ, ಮಾರುವವರೇ ಹುಟ್ಟಿಸಿದ್ದನ್ನ, ಅವರೇ ಹೇಳಬೇಕು.

ಆದರೂ ನ್ಯೂಯಾರ್ಕಿನಲ್ಲಿ ಫಾರಂ ಕಾನೂನಾಗಿದ್ದು 2002ರಲ್ಲಿ. ಅದರಲ್ಲೂ ಒಂದು ಕಿಂಡಿ ಇತ್ತು: ಫಾರಂ ಕೊಡದವರು ಕೊಳ್ಳುವವರಿಗೆ 500 ಡಾಲರ್ ಬಿಟ್ಟುಕೊಟ್ಟರೆ ಸಾಕು. ಬಹಳ ಮಂದಿ 500 ಕೊಟ್ಟು ಸುಮ್ಮನಾದರು. ಆ ಕಿಂಡಿ ಮುಚ್ಚಿದ್ದು 2024ರ ಮಾರ್ಚ್‌ನಲ್ಲಿ.

ಅಪ್ಪನ ಪ್ರಶ್ನೆ, ಫಿಲಡೆಲ್ಫಿಯಾದ ಉತ್ತರ

ಇಲ್ಲಿವರೆಗೆ ಹೇಳಿದ್ದು ಮನೆ ಗಟ್ಟಿಯಾ ಅನ್ನೋದರ ಚರಿತ್ರೆ. ಅಪ್ಪ ಕೇಳಿದ್ದು ಅದಕ್ಕೂ ಹಿಂದಿನ ಪ್ರಶ್ನೆ: ಮನೆ ಮಾರುವವನದ್ದೇನಾ?

ಇ.ಸಿ. ಅಂದರೆ ಋಣಭಾರ ಪ್ರಮಾಣಪತ್ರ. ಋಣ ಅಂದರೆ ಸಾಲ. ಆ ಆಸ್ತಿಯ ಮೇಲೆ ನೋಂದಣಿಯಾದ ಅಡಮಾನ, ಮಾರಾಟ ಏನೇನಿದೆ ಅಂತ ಉಪನೋಂದಣಾಧಿಕಾರಿ ಕಚೇರಿ ಕೊಡುವ ಪಟ್ಟಿ. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ತಾಯಿಪತ್ರ ಅಂದರೆ ಆಸ್ತಿಯ ಹಕ್ಕು ಯಾವ ದಸ್ತಾವೇಜಿನಿಂದ ಹುಟ್ಟಿತೋ ಆ ಹಳೇ ಪತ್ರ. ಅಲ್ಲಿಂದ ಇವತ್ತಿನವರೆಗೆ ಸರಪಳಿ ಎಲ್ಲೂ ತುಂಡಾಗಿರಬಾರದು. ಇ.ಸಿ.ಯಲ್ಲಿ ಕಾಣೋದು ನೋಂದಣಿಯಾದ ವ್ಯವಹಾರ ಮಾತ್ರ ಅನ್ನೋದನ್ನ ಊರಲ್ಲಿ ಆಸ್ತಿ ನೋಡಿಕೊಳ್ಳುವವರು ಮರೀಬಾರದು.

ಅಮೆರಿಕದಲ್ಲೂ ಇದೇ ತಲೆನೋವಿತ್ತು. ಫಿಲಡೆಲ್ಫಿಯಾದಲ್ಲಿ ವ್ಯಾಟ್ಸನ್ ಎಂಬವರು ಆಸ್ತಿ ಕೊಳ್ಳುವಾಗ ದಸ್ತಾವೇಜು ನೋಡೋಕೆ ಮ್ಯೂರ್‌ಹೆಡ್ ಎಂಬ ಪತ್ರ ಪರಿಣತನನ್ನ ನೇಮಿಸಿದರು. ಆಸ್ತಿಯ ಮೇಲೆ ಒಂದು ಬಾಕಿ ಇರೋದು ಅವನ ಕಣ್ಣಿಗೆ ಬಿತ್ತು. ವಕೀಲರು ಅದು ಲೆಕ್ಕಕ್ಕಿಲ್ಲ ಅಂದದ್ದಕ್ಕೆ, ಹಕ್ಕು ಚೊಕ್ಕವಾಗಿದೆ ಅಂತ ತಿಳಿಸಿದ. ಬಾಕಿ ಲೆಕ್ಕಕ್ಕಿತ್ತು. ವ್ಯಾಟ್ಸನ್ ದುಡ್ಡು ಹೋಯ್ತು. 1868ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟು, ಅವನು ತಜ್ಞರ ಮಾತು ಕೇಳಿ ಪ್ರಾಮಾಣಿಕವಾಗಿ ನಡೆದಿದ್ದಾನೆ, ಅಲಕ್ಷ್ಯ ಮಾಡಿಲ್ಲ, ಹಾಗಾಗಿ ಹೊಣೆಯಿಲ್ಲ ಅಂದಿತು. ಅಂದರೆ ಯಾರೂ ತಪ್ಪು ಮಾಡದೇ ಇದ್ದರೂ ಕೊಂಡವನು ಮುಳುಗಬಹುದು! ಈ ಹೆದರಿಕೆಯಿಂದಲೇ 1876ರಲ್ಲಿ ಅದೇ ಫಿಲಡೆಲ್ಫಿಯಾದಲ್ಲಿ ಮೊದಲ ಟೈಟಲ್ ಇನ್ಶೂರೆನ್ಸ್ ಕಂಪನಿ ಹುಟ್ಟಿತು.

ಇದಕ್ಕೆ ಇನ್ನೊಂದು ಉತ್ತರವೂ ಇದೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟಾರೆನ್ಸ್ 1858ರಲ್ಲಿ ತಂದ ಪದ್ಧತಿಯಲ್ಲಿ ಹಳೇ ಪತ್ರಗಳ ಸರಪಳಿ ಹುಡುಕೋದೇ ಬೇಡ, ಸರ್ಕಾರದ ದಾಖಲೆಯಲ್ಲಿ ಹೆಸರಿದ್ದವರೇ ಒಡೆಯರು. ಆಸ್ಟ್ರೇಲಿಯಾ, ಸಿಂಗಪುರದಲ್ಲಿರೋ ಓದುಗರಿಗೆ ಇದು ಪರಿಚಯ.

ಅಮೆರಿಕದಲ್ಲಿರೋರು ಒಂದು ಮಾತು ಗಮನಿಸಿ. ಸಾಲ ಕೊಡುವ ಬ್ಯಾಂಕು ನಿಮ್ಮಿಂದ ದುಡ್ಡು ಕಟ್ಟಿಸಿಕೊಳ್ಳುವ ಟೈಟಲ್ ಪಾಲಿಸಿ ಬ್ಯಾಂಕನ್ನ ಮಾತ್ರ ಕಾಯುತ್ತೆ. ನಿಮ್ಮನ್ನ ಕಾಯೋದು ಓನರ್ಸ್ ಪಾಲಿಸಿ. ಅದನ್ನ ನೀವೇ ಕೇಳಿ, ಒಂದೇ ಸಲ ಕಂತು ಕಟ್ಟಿ ತಗೋಬೇಕು. "ಅದೆಲ್ಲ ಬ್ಯಾಂಕು ನೋಡ್ಕೊಳ್ಳುತ್ತೆ" ಅಂದೆನಲ್ಲ, ಬ್ಯಾಂಕು ತನ್ನನ್ನ ತಾನು ನೋಡ್ಕೊಳ್ಳುತ್ತೆ.

ಕಣ್ಣಿಗೆ ಕಾಣದ ವಿಷ

1984ರ ಡಿಸೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ಲಿಮರಿಕ್ ಅಣುಸ್ಥಾವರದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ನಡೆದರೆ ವಿಕಿರಣದ ಅಲಾರಂ ಹೊಡೆಯೋಕೆ ಶುರುವಾಯ್ತು. ವಿಚಿತ್ರ ಏನಂದರೆ ಸ್ಥಾವರ ಇನ್ನೂ ವಿದ್ಯುತ್ ಉತ್ಪಾದನೆಯನ್ನೇ ಶುರು ಮಾಡಿರಲಿಲ್ಲ. ವಿಕಿರಣ ಅವರ ಮೈಗೆ ಅಂಟಿಕೊಂಡು ಬರ್ತಾ ಇದ್ದದ್ದು ಮನೆಯಿಂದ. ನೆಲದಿಂದ ಮೇಲೇಳುವ ರೇಡಾನ್ ಎಂಬ ಅನಿಲ, ಬಣ್ಣವಿಲ್ಲ, ವಾಸನೆಯಿಲ್ಲ, ಅವರ ಮನೆಯಲ್ಲಿ ಸುಮಾರು 2,700 ಪಿಕೊಕ್ಯೂರಿ ಮಟ್ಟದಲ್ಲಿತ್ತು. ಪ್ರತಿ ಲೀಟರ್ ಗಾಳಿಗೆ 4 ದಾಟಿದರೆ ಸರಿಪಡಿಸಿ ಅಂತ ಇವತ್ತು ಅಮೆರಿಕದ ಪರಿಸರ ಇಲಾಖೆ ಹೇಳುತ್ತೆ. ಮನೆ ಕೊಳ್ಳುವಾಗ ರೇಡಾನ್ ಪರೀಕ್ಷೆ ಮಾಡಿಸೋದು ವಾಡಿಕೆಯಾಗಿದ್ದು ಈ ಘಟನೆಯ ನಂತರದ ವರ್ಷಗಳಲ್ಲಿ.

ಸೀಸದ ಬಣ್ಣದ್ದೂ ಹೀಗೇ. ಮನೆಗಳಿಗೆ ಅದನ್ನ ಬಳಿಯೋದು 1978ರಲ್ಲಿ ನಿಷೇಧವಾಯ್ತು. ಗೋಡೆಯಲ್ಲಿ ಆಗಲೇ ಇದ್ದದ್ದು ಎಲ್ಲಿ ಹೋಗುತ್ತೆ? 1992ರ ಕೇಂದ್ರ ಕಾನೂನಿನ ಪ್ರಕಾರ, 1978ಕ್ಕಿಂತ ಹಳೇ ಮನೆ ಮಾರುವವರು ಸೀಸದ ಬಗ್ಗೆ ಗೊತ್ತಿರೋದನ್ನ ಹೇಳಬೇಕು, ಪರೀಕ್ಷೆಗೆ ಕೊಳ್ಳುವವರಿಗೆ 10 ದಿನದ ಅವಕಾಶ ಕೊಡಬೇಕು. ಪುಟ್ಟ ಮಕ್ಕಳಿರೋ ಮನೆಯವರು ಈ 10 ದಿನವನ್ನ ಸುಮ್ಮನೆ ಬಿಟ್ಟುಕೊಡಬೇಡಿ. ನಾವು ಬಿಟ್ಟುಕೊಟ್ಟಿದ್ವಿ, ನಮ್ಮ ಅದೃಷ್ಟ, ಆಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ.

ಹಾಗಾದರೆ ನೀವೇನು ಮಾಡಬೇಕು?

ಈ ಚರಿತ್ರೆಯಿಂದ ನಾನು ಕಲಿತದ್ದು ಇಷ್ಟು. ಕಾನೂನು ಎಲ್ಲ ಕಡೆ ಒಂದೇ ಅಲ್ಲ. ಸ್ಕಾಟ್ಲೆಂಡ್‌ನಲ್ಲಿ 2008ರ ಡಿಸೆಂಬರ್‌ನಿಂದ ಸಾಮಾನ್ಯವಾಗಿ ಮಾರುವವರೇ ಮನೆಯ ವರದಿ ಮಾಡಿಸಿ ಕೊಡಬೇಕು. ಪಕ್ಕದ ಇಂಗ್ಲೆಂಡ್ 2007ರಲ್ಲಿ ಮನೆ ಮಾಹಿತಿಯ ಕಟ್ಟು ಕಡ್ಡಾಯ ಮಾಡಿ 2010ರಲ್ಲಿ ಕೈಬಿಟ್ಟಿತು. ಅಲ್ಲಿ ಸರ್ವೆ ಮಾಡಿಸೋದು ಕೊಳ್ಳುವವರ ಪಾಡು. ಹಾಗಾಗಿ ಮೊದಲು ನಿಮ್ಮ ಊರಿನ ನಿಯಮ ಏನು ಅಂತ ಸ್ಥಳೀಯ ವಕೀಲರನ್ನ ಕೇಳಿ.

ಎರಡನೇದು, ಪ್ರಶ್ನೆಗಳನ್ನ ಬರವಣಿಗೆಯಲ್ಲಿ ಕೇಳಿ. 1942ರ ತೀರ್ಪು ರಕ್ಷಿಸಿದ್ದು ಮೌನವನ್ನ, ಸುಳ್ಳನ್ನಲ್ಲ. "ಚರಂಡಿ ಕೊಳವೆ ಯಾವಾಗಲಾದರೂ ಕಟ್ಟಿಕೊಂಡಿತ್ತಾ? ನೆಲಮಾಳಿಗೆಗೆ ನೀರು ಬಂದಿತ್ತಾ?" ಅಂತ ಒಂದು ಇಮೇಲ್ ಹಾಕಿದರೆ ಸುಮ್ಮನಿರೋದು ಕಷ್ಟ, ಸುಳ್ಳು ಹೇಳಿದರೆ ಅದಕ್ಕೆ ಹೊಣೆ ಉಂಟು. ನಾವು ಈ ಒಂದು ಇಮೇಲ್ ಹಾಕಿರಲಿಲ್ಲ. ಉತ್ತರದಲ್ಲಿ "ಗೊತ್ತಿಲ್ಲ" ಅಂತ ಬಂದ ಕಡೆಯೆಲ್ಲ ಪರೀಕ್ಷೆ ಅಗತ್ಯ ಅಂದುಕೊಳ್ಳಿ.

ಮೂರನೇದು, ಬ್ಯಾಂಕಿನ ಮೌಲ್ಯಮಾಪನವನ್ನ ಇನ್‌ಸ್ಪೆಕ್ಷನ್ ಅಂತ ತಿಳೀಬೇಡಿ. ಅವರು ನೋಡೋದು ಮನೆ ಎಷ್ಟು ಬಾಳುತ್ತೆ ಅಂತ. ಮನೆ ಎಷ್ಟು ದಿನ ಬಾಳುತ್ತೆ ಅಂತ ನೋಡೋಕೆ ನಿಮ್ಮದೇ ಆಳು ಬೇಕು. ಆ ಆಳನ್ನ ನೀವೇ ಹುಡುಕಿ, ಜೊತೆಗೆ ಮನೆಯೆಲ್ಲ ಸುತ್ತಿ. ಹಳೇ ಮನೆಯಾದರೆ ಕೊಳವೆಯೊಳಗೆ ಕ್ಯಾಮೆರಾ ಬಿಡಿಸಿ ನೋಡಿ. ನಮಗೆ ಆದ ಖರ್ಚಿನ ಮುಂದೆ ಅದು ಬಿಡಿಗಾಸು. ಊರಿನ ಕಟ್ಟಡ ಇಲಾಖೆಗೆ ಹೋಗಿ ಆ ವಿಳಾಸಕ್ಕೆ ಯಾವ್ಯಾವ ಪರ್ಮಿಟ್ ಕೊಟ್ಟಿದ್ದಾರೆ ಕೇಳಿ. ಹೊಸ ಅಡುಗೆಮನೆ ಇದ್ದು ಪರ್ಮಿಟ್ ಇಲ್ಲದಿದ್ದರೆ, ಯಾಕೆ ಅಂತ ಕೇಳೋ ಹಕ್ಕು ನಿಮ್ಮದು.

ನಮ್ಮ ದಾವೆ ಏನಾಯ್ತು ಅಂತ ಕೇಳ್ತೀರಾ? ವಕೀಲರು ಅರ್ಧ ಗಂಟೆಯಲ್ಲಿ ಹೇಳಿದರು: ಮ್ಯಾಸಚೂಸೆಟ್ಸ್‌ನಲ್ಲಿ ಏಜೆಂಟರು ತಮಗೆ ಗೊತ್ತಿರೋದನ್ನ ಹೇಳಬೇಕು, ಆದರೆ ಮನೆಯೊಡೆಯರು ಕೇಳದೇ ಹೇಳಬೇಕಾಗಿಲ್ಲ. ಏಜೆಂಟರಿಗೆ ಗೊತ್ತಿತ್ತು ಅನ್ನೋಕೆ ಪುರಾವೆ ಇರಲಿಲ್ಲ. ನಾವು ಏನೂ ಕೇಳಿರಲಿಲ್ಲ, ಪರೀಕ್ಷೆಯನ್ನೂ ನಾವೇ ಬೇಡ ಅಂದಿದ್ವಿ. ಗೆದ್ದಲಿನ ತೀರ್ಪು ಎಂಬತ್ತು ವರ್ಷದ ಮೇಲೂ ನಮ್ಮ ಅಂಗಳದಲ್ಲಿ ಜೀವಂತ.

2025ರ ಅಕ್ಟೋಬರ್‌ನಲ್ಲಿ ಅದೇ ರಾಜ್ಯದಲ್ಲಿ ಹೊಸ ನಿಯಮ ಜಾರಿಗೆ ಬಂತು. ಇನ್‌ಸ್ಪೆಕ್ಷನ್ ಬಿಟ್ಟುಕೊಟ್ಟರೆ ಮಾತ್ರ ಮನೆ ಕೊಡ್ತೀವಿ ಅಂತ ಮಾರುವವರಾಗಲಿ ಏಜೆಂಟರಾಗಲಿ ಷರತ್ತು ಹಾಕುವ ಹಾಗಿಲ್ಲ. ಕೆಲವು ವಿನಾಯಿತಿಗಳಿವೆ, ಆದರೂ ನಾಲ್ಕು ವರ್ಷದ ಹಿಂದೆ ನಮ್ಮನ್ನ ಹಿಂಡಿದ ಆ ಪೈಪೋಟಿಗೆ ಒಂದು ಕಡಿವಾಣ ಬಿತ್ತು. ಮೌನಕ್ಕೆ ಇನ್ನೂ ಕಡಿವಾಣ ಇಲ್ಲ. ಪರೀಕ್ಷೆ ಮಾಡಿಸೋದೂ ಬಿಡೋದೂ ಇವತ್ತಿಗೂ ಕೊಳ್ಳುವವರ ಇಷ್ಟ.

ಈ ಸುದ್ದಿ ಅಪ್ಪನಿಗೆ ಫೋನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರು ಅಂದದ್ದು: "ಸರಿ ಕಣಮ್ಮ. ನೀವು ಆ ಮನೆ ಮಾರೋ ದಿನ ಬರುತ್ತಲ್ಲ, ಆಗ ಕೊಳವೆ ವಿಷಯ, ನೆಲಮಾಳಿಗೆಗೆ ನೀರು ಬಂದ ವಿಷಯ, ಎಲ್ಲ ಹೇಳಿಬಿಡಿ. ಅವರು ಕೇಳದಿದ್ರೂ." ಹೊಸ ಕೊಳವೆಯ ರಸೀದಿ, ಅಗೆದ ದಿನದ ಫೋಟೊ, ಎರಡನ್ನೂ ಮನೆಪತ್ರದ ಫೈಲಿನಲ್ಲಿ ಇಟ್ಟಿದ್ದೇನೆ. ನಮ್ಮ ಮಗಳು ಆ ಫೈಲಿನ ಮೇಲೆ ಕನ್ನಡದಲ್ಲಿ "ತಾಯಿಪತ್ರ" ಅಂತ ಬರೆದಿದ್ದಾಳೆ. ಪದದ ಅರ್ಥ ಪೂರ್ತಿ ಸರಿ ಅಲ್ಲ, ಇರಲಿ ಬಿಡಿ ಅಂತ ತಿದ್ದಲಿಲ್ಲ.

ನಿಮ್ಮ ಮನೆಯ ಕಥೆ ಇದ್ದರೆ ಬರೆದು ಕಳಿಸಿ, ಕನ್ನಡದಲ್ಲಿ ತಪ್ಪಾದರೂ ಪರವಾಗಿಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.